ಗೆಳೆಯರೊಡನೆ ಸೋಲ್: ಮೂರು ರಾತ್ರಿಯ ಲೆಕ್ಕ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಗೆಳೆಯರ ಗುಂಪು ಸಂಜೆ ಕಳೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಒಂದು ಕಡೆ ಊಟ, ಆಮೇಲೆ ಇನ್ನೊಂದು ಕಡೆ ಬಿಯರೋ ಕಾಫಿಯೋ, ಕೊನೆಗೆ ಮತ್ತೊಂದು ಕಡೆ ಹಾಡು. ಕೊರಿಯನ್ನರು ಇವನ್ನು ‘ಇಲ್ ಚಾ’, ‘ಈ ಚಾ’, ‘ಸಾಮ್ ಚಾ’ ಎಂದು ಎಣಿಸುತ್ತಾರೆ. ಕುಡಿಯುವ ಚಹಾಕ್ಕೂ ಅವರ ಭಾಷೆಯಲ್ಲಿ ‘ಚಾ’ ಎಂದೇ ಹೆಸರು. ಆದರೆ ಇಲ್ಲಿ ಅದರ ಅರ್ಥ ಸುತ್ತು. ಸುತ್ತು ಬದಲಾದ ಹಾಗೆ ಅಂಗಡಿ ಬದಲಾಗುತ್ತದೆ, ಬಿಲ್ ಕೊಡುವವರೂ ಬದಲಾಗುತ್ತಾರೆ. ಬಿಲ್ಲನ್ನು ತಲೆಗಿಷ್ಟು ಎಂದು ಹಂಚಿಕೊಳ್ಳುವುದು ಯುವಕರಲ್ಲಿ ಈಚೆಗೆ ಹೆಚ್ಚಿದೆ. ಮೂರು ನಾಲ್ಕು ದಿನಕ್ಕೆಂದು ಹೋಗುವ ತಂಡ ನೋಡಬೇಕಾದ ಜಾಗಗಳ ಪಟ್ಟಿ ಮಾಡುವ ಮೊದಲು ಈ ಸಂಜೆಗಳನ್ನು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಅರಮನೆಗಳು ಕಾಲಕ್ಕೆ ತಕ್ಕಂತೆ ಸಂಜೆ ಐದರಿಂದ ಆರೂವರೆಯೊಳಗೆ ಮುಚ್ಚುತ್ತವೆ. ಊರು ಚುರುಕಾಗುವುದು ಆಮೇಲೆ.

ಇನ್ನೊಂದು ಕಾರಣವೂ ಇದೆ. ಸೋಲ್ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಒಂದು ಗಂಟೆಯಾದಾಗ ಬೆಂಗಳೂರಿನಿಂದ ಹೋದವರ ದೇಹಕ್ಕೆ ಇನ್ನೂ ಒಂಬತ್ತೂವರೆ. ಆದರೆ ಬೆಳಗಿನ ಎಂಟಕ್ಕೆ ತಿಂಡಿಗೆ ಏಳುವುದೆಂದರೆ ನಸುಕಿನ ನಾಲ್ಕೂವರೆಗೆ ಎದ್ದಂತೆ. ಇಷ್ಟು ಕಡಿಮೆ ದಿನದಲ್ಲಿ ದೇಹ ಹೊಸ ಗಡಿಯಾರಕ್ಕೆ ಹೊಂದಿಕೊಳ್ಳುವ ಹೊತ್ತಿಗೆ ವಾಪಸು ಹೊರಡುವ ದಿನ ಬಂದಿರುತ್ತದೆ. ಹಾಗಾಗಿ ಹತ್ತೂವರೆಗೆ ಮುಂಚೆ ಏನನ್ನೂ ಇಟ್ಟುಕೊಳ್ಳದೆ, ರಾತ್ರಿಯನ್ನು ಉದ್ದ ಮಾಡಿಕೊಂಡರೆ ಯಾರಿಗೂ ಕಷ್ಟವಿಲ್ಲ.

ಯಾವಾಗ, ಎಷ್ಟು ಜನ

ಏಪ್ರಿಲ್ ಮೊದಲ ಎರಡು ವಾರ ಚೆರ್ರಿ ಹೂವಿನ ಕಾಲ. ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಎಲೆಗಳು ಕೆಂಪು ಹಳದಿಗೆ ತಿರುಗುವ ಕಾಲ. ಇವೆರಡೂ ಹಿತ. ಜೂನ್ ಕೊನೆಯಿಂದ ಸುಮಾರು ಒಂದು ತಿಂಗಳು ‘ಜಾಂಗ್‌ಮಾ’ ಎಂಬ ಮಳೆಗಾಲ. ಜನವರಿಯಲ್ಲಿ ಉಷ್ಣಾಂಶ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದುಂಟು. ಬೆಂಗಳೂರಿನ ಸ್ವೆಟರ್ ಅಲ್ಲಿ ಲೆಕ್ಕಕ್ಕಿಲ್ಲ. ಚಾಂದ್ರಮಾನ ಹೊಸ ವರ್ಷ ‘ಸೊಲ್ಲಾಲ್’ ಮತ್ತು ಸುಗ್ಗಿಯ ಹಬ್ಬ ‘ಚುಸೊಕ್’ ಸುತ್ತಲಿನ ಮೂರು ದಿನ ಸೋಲ್‌ನವರು ತಂತಮ್ಮ ಊರಿಗೆ ಹೋಗುತ್ತಾರೆ. ರೈಲುಗಳು ತುಂಬಿರುತ್ತವೆ, ಸಣ್ಣ ಹೋಟೆಲುಗಳು ಬಾಗಿಲು ಹಾಕಿರುತ್ತವೆ. 2026ರಲ್ಲಿ ಈ ಹಬ್ಬಗಳು ಫೆಬ್ರುವರಿ 17 ಮತ್ತು ಸೆಪ್ಟೆಂಬರ್ 25ಕ್ಕೆ ಬರುತ್ತವೆ.

ವಾರದಲ್ಲಿ ಗುರುವಾರ ರಾತ್ರಿ ಅಥವಾ ಶುಕ್ರವಾರ ಬೆಳಿಗ್ಗೆ ಇಳಿದು ಸೋಮವಾರ ಹೊರಡುವುದು ಅನುಕೂಲ. ಸೋಮವಾರ ಚಾಂಗ್‌ದಕ್‌ಗುಂಗ್ ಅರಮನೆಗೆ ರಜೆ, ವೃತ್ತಿಪರ ಬೇಸ್‌ಬಾಲ್‌ಗೂ ರಜೆ. ಮಂಗಳವಾರ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ರಜೆ. ಎರಡೂ ದಿನ ಊರಲ್ಲಿರುವ ತಂಡ ಮುಚ್ಚಿದ ಬಾಗಿಲುಗಳ ಮುಂದೆ ಫೋಟೊ ತೆಗೆಸಿಕೊಳ್ಳಬೇಕಾಗುತ್ತದೆ.

ತಂಡದಲ್ಲಿ ನಾಲ್ಕು ಜನರಿದ್ದರೆ ಸಲೀಸು. ಮಾಮೂಲಿ ಟ್ಯಾಕ್ಸಿಯಲ್ಲಿ ಹಿಡಿಸುವುದು ನಾಲ್ಕು ಜನ, ಮಾಂಸ ಸುಡುವ ಹೋಟೆಲಿನ ಒಂದು ಮೇಜಿಗೂ ನಾಲ್ಕು ಜನ. ಐದನೆಯವರು ಬಂದರೆ ಎರಡು ಟ್ಯಾಕ್ಸಿ, ಎರಡು ಮೇಜು. ಒಬ್ಬಂಟಿಗರಿಗಾದರೆ ಈ ಊರಿನ ಊಟದ ಪದ್ಧತಿ ಒಗ್ಗುವುದು ಕಷ್ಟ: ಸುಡುವ ಹಂದಿಮಾಂಸವಿರಲಿ, ಹೆಂಚಿನ ಮೇಲೆ ಹುರಿಯುವ ಕೋಳಿ ‘ದಾಕ್‌ಗಾಲ್ಬಿ’ಯಿರಲಿ, ಕಡಿಮೆಯೆಂದರೆ ಇಬ್ಬರ ಪಾಲು ಹೇಳಲೇಬೇಕೆಂಬ ನಿಯಮ ಬಹಳ ಕಡೆ ಇದೆ.

ಭಾರತದ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲೇ ವೀಸಾ ಪಡೆದಿರಬೇಕು. ಅರ್ಜಿ ಒಬ್ಬೊಬ್ಬರದೂ ಬೇರೆ; ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆಯ ಕಾಗದ, ಕೆಲಸದ ಪತ್ರ ಎಲ್ಲರದೂ ಬೇಕು. ತಂಡದಲ್ಲಿ ಕಾಗದಪತ್ರದ ವಿಷಯದಲ್ಲಿ ಅತಿ ನಿಧಾನಸ್ಥ ಯಾರೋ, ಇಡೀ ಪ್ರವಾಸದ ದಿನಾಂಕ ಅವರ ಕೈಯಲ್ಲಿರುತ್ತದೆ. ಎಲ್ಲರ ವೀಸಾ ಬರುವ ತನಕ ಹಣ ವಾಪಸಾಗದ ಟಿಕೆಟ್ ಕೊಳ್ಳದಿರುವುದೇ ಕ್ಷೇಮ. ದೆಹಲಿಯಿಂದ ನೇರ ವಿಮಾನ ಸಿಗುತ್ತದೆ; ಬೆಂಗಳೂರಿನಿಂದ ಬ್ಯಾಂಕಾಕ್, ಸಿಂಗಪುರ, ಕ್ವಾಲಾಲಂಪುರ ಇಲ್ಲವೇ ಹಾಂಗ್‌ಕಾಂಗ್‌ನಲ್ಲಿ ಇಳಿದು ಹತ್ತುವವರೇ ಹೆಚ್ಚು.

ಉಳಿಯುವ ಜಾಗ, ಓಡಾಟ

2001ರಲ್ಲಿ ತೆರೆದ ಇಂಚೊನ್ ವಿಮಾನ ನಿಲ್ದಾಣ ಊರಿಂದ ಸುಮಾರು 50 ಕಿಲೋಮೀಟರ್ ಪಶ್ಚಿಮಕ್ಕಿದೆ. ಅಲ್ಲಿಂದ ಸೋಲ್ ಸ್ಟೇಷನ್ನಿಗೆ ಎರಡು ಬಗೆಯ ರೈಲುಗಳಿವೆ. ಎಕ್ಸ್‌ಪ್ರೆಸ್ ಮೊದಲ ಟರ್ಮಿನಲ್‌ನಿಂದ 43 ನಿಮಿಷದಲ್ಲಿ ನೇರ ಮುಟ್ಟಿಸುತ್ತದೆ. ಎಲ್ಲ ಕಡೆ ನಿಲ್ಲುವ ರೈಲಿಗೆ ಒಂದು ಗಂಟೆ ಬೇಕು, ದರ ಅರ್ಧಕ್ಕೂ ಕಡಿಮೆ, ಮತ್ತು ಅದು ಹೋಂಗ್‌ದೇಯಲ್ಲಿ ನಿಲ್ಲುತ್ತದೆ. ಗೆಳೆಯರ ತಂಡಕ್ಕೆ ಈ ಕೊನೆಯ ಸಂಗತಿಯೇ ಮುಖ್ಯ. ಹೋಂಗಿಕ್ ವಿಶ್ವವಿದ್ಯಾಲಯದ ಸುತ್ತಲಿನ ಹೋಂಗ್‌ದೇ ಬಡಾವಣೆ ವಿದ್ಯಾರ್ಥಿಗಳ ಊರು: ಬೀದಿ ಹಾಡುಗಾರರು, ಅಗ್ಗದ ಊಟ, ರಾತ್ರಿಯಿಡೀ ಬೆಳಕು. ಹಗಲಿನಲ್ಲಿ ಅರಮನೆ, ಹಳೆಯ ಓಣಿಗಳಲ್ಲೇ ಹೆಚ್ಚು ಕಾಲ ಕಳೆಯಬೇಕೆನ್ನುವವರಿಗೆ ಜೋಂಗ್‌ನೋ ಒಳ್ಳೆಯದು. ಮ್ಯೊಂಗ್‌ದೋಂಗ್ ಪ್ರವಾಸಿಗಳಿಗೆಂದೇ ಇರುವ ಪೇಟೆ. ಸೌಂದರ್ಯಸಾಮಗ್ರಿ ಕೊಳ್ಳಲು ಒಂದು ಗಂಟೆ ಸಾಕು, ಉಳಿಯಬೇಕಾಗಿಲ್ಲ. ಹಾನ್ ನದಿಯ ದಕ್ಷಿಣದ ಗಾಂಗ್‌ನಾಮ್ ಹೆಸರು ಒಂದು ಹಾಡಿನಿಂದ ಲೋಕಕ್ಕೆಲ್ಲ ಗೊತ್ತಾಗಿದೆ, ಆದರೆ ಮೂರು ದಿನದ ಅತಿಥಿಗೆ ಅದು ಎಲ್ಲದಕ್ಕೂ ದೂರ.

ಕೋಣೆಗಳು ಚಿಕ್ಕವು. ನಾಲ್ಕು ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗವಿರದ ಕೋಣೆಗಳೇ ಹೆಚ್ಚು. ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಕೋಣೆ ಕೊಡುತ್ತಾರೆ. ಬೆಳಿಗ್ಗೆಯೇ ಬಂದಿಳಿದರೆ ಮೆಟ್ರೊ ನಿಲ್ದಾಣಗಳ ಲಾಕರ್‌ಗಳಲ್ಲಿ ಸಾಮಾನು ಇಡಬಹುದು.

ಸೋಲ್ ಮೆಟ್ರೊ 1974ರಲ್ಲಿ ಶುರುವಾಯಿತು. ಹಸಿರು ಬಣ್ಣದ ಎರಡನೇ ಮಾರ್ಗ ಊರನ್ನು ಬಳಸಿ ಸುತ್ತುತ್ತದೆ. ಹೋಂಗ್‌ದೇ, ದೋಂಗ್‌ದೇಮುನ್, ಸೊಂಗ್‌ಸು, ಜಾಮ್‌ಶಿಲ್ ಎಲ್ಲ ಅದರ ಮೇಲಿವೆ. 2025ರ ಜೂನ್‌ನಲ್ಲಿ ಕನಿಷ್ಠ ದರ 1,550 ವಾನ್‌ಗೆ ಏರಿತು. ಒಂದು ರೂಪಾಯಿಗೆ ಹೆಚ್ಚುಕಡಿಮೆ 16 ವಾನ್ ಎಂದು ಹಿಡಿದರೆ ನೂರು ರೂಪಾಯಿಗೆ ತುಸು ಕಡಿಮೆ. ದಿನಕ್ಕೆ ನಾಲ್ಕಾರು ಬಾರಿ ಹತ್ತಿಳಿಯುವವರಿಗೆ ನಗರಾಡಳಿತ 2024ರಲ್ಲಿ ತಂದ ‘ಕ್ಲೈಮೇಟ್ ಕಾರ್ಡ್’ನ ಪ್ರವಾಸಿ ಪಾಸ್ ಲಾಭದ್ದು: ಮೂರು ದಿನಕ್ಕೆ 10,000 ವಾನ್ ದರದಲ್ಲಿ ಅದು ಶುರುವಾಯಿತು. ಇಲ್ಲವಾದರೆ ‘ಟಿ-ಮನಿ’ ಕಾರ್ಡ್ ಯಾವ ಸಣ್ಣ ದಿನಸಿ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕೆ ದುಡ್ಡು ತುಂಬಲು ಸಾಮಾನ್ಯವಾಗಿ ನಗದು ಬೇಕಾಗುತ್ತದೆ. ಉಳಿದ ಬಹುತೇಕ ಕಡೆ ಕ್ರೆಡಿಟ್ ಕಾರ್ಡ್ ನಡೆಯುತ್ತದೆ. ಟಿಪ್ಸ್ ಕೊಡುವ ರೂಢಿಯೇ ಇಲ್ಲ.

ದೇಶದ ನಕ್ಷೆಯ ಮಾಹಿತಿ ಹೊರಗೆ ಹೋಗದಂತೆ ಕೊರಿಯಾ ಬಹುಕಾಲ ನಿರ್ಬಂಧ ಇಟ್ಟಿದ್ದರಿಂದ ಗೂಗಲ್ ಮ್ಯಾಪ್ಸ್ ಅಲ್ಲಿ ಕಾಲುದಾರಿ ತೋರಿಸುವುದರಲ್ಲಿ ಹಿಂದೆ ಬಿದ್ದಿದೆ. ನೇವರ್ ಮ್ಯಾಪ್ ಅಥವಾ ಕಕಾವೊ ಮ್ಯಾಪ್ ಹಾಕಿಕೊಳ್ಳಬೇಕು. ಎರಡರಲ್ಲೂ ಇಂಗ್ಲಿಷ್ ಇದೆ. ಮೆಟ್ರೊ ನಿಲ್ದಾಣದ ಪ್ರತಿ ದ್ವಾರಕ್ಕೂ ಒಂದು ಸಂಖ್ಯೆ ಇರುತ್ತದೆ, ಊರಿನವರು ವಿಳಾಸ ಹೇಳುವುದೇ ಆ ಸಂಖ್ಯೆಯಿಂದ. ಹೋಂಗ್‌ದೇಯ 9ನೇ ದ್ವಾರ ಶನಿವಾರ ಸಂಜೆ ಎಂಥ ಗಿಜಿಗಿಜಿಯೆಂದರೆ, ಅಲ್ಲಿ ಸಿಗೋಣ ಎಂದುಕೊಂಡವರು ಒಬ್ಬರನ್ನೊಬ್ಬರು ಹುಡುಕಲು ಕಾಲು ಗಂಟೆ ಬೇಕು. ಬೇರೆ ದ್ವಾರವನ್ನು ಗೊತ್ತು ಮಾಡಿಕೊಳ್ಳುವುದು ಜಾಣತನ. 2022ರ ಹ್ಯಾಲೊವೀನ್ ಹಬ್ಬಕ್ಕೆ ಇತೆವೊನ್ ಬಡಾವಣೆಯ ಇಕ್ಕಟ್ಟು ಓಣಿಯೊಂದರಲ್ಲಿ ನೂಕುನುಗ್ಗಲಾಗಿ 159 ಜನ ಸತ್ತರು. ಹಬ್ಬದ ರಾತ್ರಿಗಳಲ್ಲಿ ಇಂಥ ಓಣಿಗಳಿಂದ ದೂರವಿರಬೇಕು. ಪೊಲೀಸರಿಗೆ 112, ಆಂಬುಲೆನ್ಸ್‌ಗೆ 119, ಇಂಗ್ಲಿಷಿನಲ್ಲಿ ಪ್ರವಾಸದ ಸಹಾಯಕ್ಕೆ 1330.

ಮೊದಲ ಸಂಜೆ: ಹಳೆಯ ಊರು

ಶುಕ್ರವಾರದ ಮಧ್ಯಾಹ್ನ ಗ್ಯೊಂಗ್‌ಬೊಕ್‌ಗುಂಗ್‌ನಿಂದ ಶುರು ಮಾಡಬಹುದು. 1395ರಲ್ಲಿ ಜೊಸೊನ್ ವಂಶದ ದೊರೆಗಳು ಕಟ್ಟಿಸಿದ ಈ ಅರಮನೆಗೆ ಪ್ರವೇಶ ದರ 3,000 ವಾನ್. ಹಾನ್‌ಬೊಕ್ ಉಟ್ಟು ಬಂದವರಿಗೆ ಪುಕ್ಕಟೆ. ಹಾನ್‌ಬೊಕ್ ಎಂದರೆ ಕೊರಿಯಾದ ಸಾಂಪ್ರದಾಯಿಕ ಉಡುಗೆ. ಸುತ್ತಲಿನ ಬೀದಿಗಳಲ್ಲಿ ಅದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಹತ್ತಾರು ಅಂಗಡಿಗಳಿವೆ. ವಿದೇಶಿಯರು ಉಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ನಾಲ್ವರೂ ಉಟ್ಟುಕೊಂಡರೆ ತಮಾಷೆ, ಒಬ್ಬರು ಮಾತ್ರ ಉಟ್ಟರೆ ಮುಜುಗರ. ಕಾವಲುಗಾರರ ಬದಲಾವಣೆಯ ಮೆರವಣಿಗೆ ಬೆಳಿಗ್ಗೆ ಹತ್ತಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ.

ಪಕ್ಕದ ಬುಕ್‌ಚೊನ್ ಹೆಂಚಿನ ಮನೆಗಳ ಬಡಾವಣೆ. ಅಲ್ಲಿ ಜನ ವಾಸವಾಗಿದ್ದಾರೆಂಬುದು ಪ್ರವಾಸಿಗಳಿಗೆ ಮರೆತುಹೋಗುತ್ತದೆ. ಕಿಟಕಿಯಲ್ಲಿ ಇಣುಕುವವರ ಕಾಟ ತಾಳಲಾರದೆ ಹೋದಾಗ, ಅತಿ ಜನಜಂಗುಳಿಯ ಓಣಿಗಳಿಗೆ ಸಂಜೆ ಐದರಿಂದ ಬೆಳಿಗ್ಗೆ ಹತ್ತರವರೆಗೆ ಪ್ರವಾಸಿಗಳು ಬರುವಂತಿಲ್ಲ ಎಂಬ ನಿಯಮ ಬಂತು. 2025ರ ಮಾರ್ಚ್‌ನಿಂದ ಮೀರಿದವರಿಗೆ ಒಂದು ಲಕ್ಷ ವಾನ್ ದಂಡ. ಅಲ್ಲಿಂದ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಇಕ್ಸೊನ್‌ದೋಂಗ್. ಅಂಥದೇ ಹಳೆಯ ಮನೆಗಳು, ಆದರೆ ಇಲ್ಲಿ ಕಾಫಿ ಅಂಗಡಿಗಳಾಗಿವೆ, ಗಲಾಟೆಗೆ ಅಡ್ಡಿಯಿಲ್ಲ.

ಊಟಕ್ಕೆ ಗ್ವಾಂಗ್‌ಜಾಂಗ್ ಮಾರುಕಟ್ಟೆ. 1905ರಲ್ಲಿ ಆರಂಭವಾದ ಈ ಬಟ್ಟೆ ಮಾರುಕಟ್ಟೆಯ ನಡುವಿನ ಓಣಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ತಿಂಡಿ ಗಾಡಿಗಳು, ಮುಂದೆ ಮರದ ಬೆಂಚು. ಕೆಲವು ಗಾಡಿಗಳಲ್ಲಿ ಮೋಟಾರು ಕೂರಿಸಿದ ಕಲ್ಲಿನ ಬೀಸುಗಲ್ಲು ತಿರುಗುತ್ತಿರುತ್ತದೆ. ಮೇಲಿಂದ ನೆನೆಸಿದ ಹೆಸರುಬೇಳೆ ಬೀಳುತ್ತದೆ, ಬದಿಯಿಂದ ಹಿಟ್ಟು ಇಳಿಯುತ್ತದೆ. ಆ ಹಿಟ್ಟಿಗೆ ಮೊಳಕೆಕಾಳು, ಈರುಳ್ಳಿ ಸೊಪ್ಪು ಬೆರೆಸಿ, ಬಾಣಲೆಯಲ್ಲಿ ಮುಳುಗುವಷ್ಟು ಎಣ್ಣೆಯಲ್ಲಿ ದಪ್ಪಗೆ ಹೊಯ್ದು ಎರಡೂ ಬದಿ ಗರಿಗರಿ ಮಾಡುತ್ತಾರೆ. ಹೆಸರು ‘ಬಿಂದೆತ್ತೊಕ್’. ಹೆಸರುಬೇಳೆ ದೋಸೆ ತಿಂದು ಬೆಳೆದವರಿಗೆ ರುಚಿ ಅರ್ಧ ಪರಿಚಿತ, ಎಣ್ಣೆಯ ಪ್ರಮಾಣ ಮಾತ್ರ ಗಾಬರಿ ಹುಟ್ಟಿಸುವಂಥದು. ನಾಲ್ವರಿಗೆ ಎರಡು ಸಾಕು, ಏಕೆಂದರೆ ಇನ್ನೂ ಬೆರಳುದ್ದದ ಅನ್ನದ ಸುರುಳಿ ಗಿಂಬಾಪ್ ಇದೆ, ಕೈಯಲ್ಲಿ ನಾದಿ ಕತ್ತರಿಸುವ ಗೋಧಿ ನೂಡಲ್ಸ್ ಇದೆ. ಕೂರುವ ಮೊದಲು ದರದ ಫಲಕ ನೋಡುವುದು ಮೇಲು. ತಿಂದು ಎದ್ದಮೇಲೆ ಹತ್ತಿರದಲ್ಲೇ ಚೊಂಗ್‌ಗ್ಯೆಚೊನ್ ತೊರೆಯ ದಡಕ್ಕಿಳಿದು ನಡೆಯಬಹುದು. ದಶಕಗಳ ಕಾಲ ಕಾಂಕ್ರೀಟಿನಡಿ, ಮೇಲೆ ಮೇಲ್ಸೇತುವೆ ಹೊತ್ತು ಮುಚ್ಚಿಹೋಗಿದ್ದ ತೊರೆಯನ್ನು 2005ರಲ್ಲಿ ಮತ್ತೆ ಬಯಲಿಗೆ ತಂದರು.

ಎರಡನೆಯ ಸಂಜೆ: ಆಟ ಅಥವಾ ನದಿ, ಆಮೇಲೆ ಹಾಡು

ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ ಹೋದವರು ಒಂದು ಬೇಸ್‌ಬಾಲ್ ಪಂದ್ಯವನ್ನು ತಪ್ಪಿಸಬಾರದು. ಆಟದ ನಿಯಮ ಗೊತ್ತಿರಬೇಕೆಂದೇನೂ ಇಲ್ಲ. ಕೊರಿಯಾದಲ್ಲಿ ಪ್ರತಿ ಬ್ಯಾಟರ್‌ಗೂ ಒಂದೊಂದು ಹಾಡಿದೆ. ವೇದಿಕೆಯ ಮೇಲಿನ ಮುಂದಾಳು ಸಿಳ್ಳೆ ಊದಿದರೆ ಇಡೀ ಗ್ಯಾಲರಿ ಎದ್ದು ನಿಂತು ಹಾಡುತ್ತದೆ, ಎರಡನೇ ಇನ್ನಿಂಗ್ಸ್ ಹೊತ್ತಿಗೆ ಹೊಸಬರಿಗೂ ಬಾಯಿಪಾಠ. ಕ್ರಿಕೆಟ್ ನೋಡಿ ಬೆಳೆದವರಿಗೆ ಗದ್ದಲ ಹೊಸದಲ್ಲ, ಅದರ ಶಿಸ್ತು ಹೊಸದು. 1982ರಲ್ಲಿ ಆರಂಭವಾದ ಈ ಲೀಗ್‌ಗೆ 2024ರಲ್ಲಿ ಮೊದಲ ಸಲ ಒಂದು ಕೋಟಿಗೂ ಹೆಚ್ಚು ಪ್ರೇಕ್ಷಕರು ಬಂದರು. ಅಂದರೆ ವಾರಾಂತ್ಯದ ಟಿಕೆಟ್ ಗೇಟಿನಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ, ಮೊದಲೇ ಏರ್ಪಾಡು ಮಾಡಬೇಕು. ಸೋಲ್‌ನ ಎಲ್‌ಜಿ ಟ್ವಿನ್ಸ್ ಮತ್ತು ದೂಸಾನ್ ಬೇರ್ಸ್ ತಂಡಗಳೆರಡಕ್ಕೂ ಜಾಮ್‌ಶಿಲ್ ಮೈದಾನವೇ ಮನೆ. ಅದನ್ನು ಕೆಡವಿ ಗುಮ್ಮಟದ ಮೈದಾನ ಕಟ್ಟುವ ಯೋಜನೆ ಇರುವುದರಿಂದ ಪಂದ್ಯದ ಜಾಗ ಎಲ್ಲಿ ಎಂದು ನೋಡಿಕೊಂಡೇ ಹೊರಡಬೇಕು. ಪಕ್ಕದಲ್ಲೇ ಒಲಿಂಪಿಕ್ ಕ್ರೀಡಾಂಗಣ. 1986ರ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ ನಾಲ್ಕು ಚಿನ್ನ ಗೆದ್ದದ್ದು ಅಲ್ಲಿ.

ಪಂದ್ಯವಿಲ್ಲದಿದ್ದರೆ ಹಾನ್ ನದಿ. ದಡದುದ್ದಕ್ಕೂ ಹನ್ನೊಂದು ಉದ್ಯಾನಗಳಿವೆ; ಯೊಯಿದೊ ಮತ್ತು ಬಾನ್‌ಪೊ ತಂಡಗಳಿಗೆ ಹೇಳಿ ಮಾಡಿಸಿದಂಥವು. ಚಾಪೆ ಹಾಸಿ ಕೂರುವುದು, ಹುರಿದ ಕೋಳಿ ತಿನ್ನುವುದು, ಗಾಳಿ ಕುಡಿಯುವುದು, ಅಷ್ಟೇ ಅಲ್ಲಿಯ ಕಾರ್ಯಕ್ರಮ. ಚಾಪೆ ಬಾಡಿಗೆಗೂ ಸಿಗುತ್ತದೆ. ದಡದ ದಿನಸಿ ಅಂಗಡಿಯಲ್ಲಿ ರಾಮ್ಯನ್ ಕೊಂಡರೆ ಜೊತೆಗೆ ಫಾಯಿಲ್ ಬಟ್ಟಲು ಕೊಡುತ್ತಾರೆ. ಅದರಲ್ಲಿ ನೂಡಲ್ಸ್, ಪುಡಿ ಸುರಿದು ಹೊರಗಿನ ಯಂತ್ರದ ಮೇಲಿಟ್ಟು ಗುಂಡಿ ಒತ್ತಿದರೆ ಅಳತೆಯ ನೀರು ತಾನೇ ಬಿದ್ದು ಕುದಿಯತೊಡಗುತ್ತದೆ. ನಾಲ್ಕು ನಿಮಿಷಕ್ಕೆ ಸಿದ್ಧ. ಮನೆಯಲ್ಲಿ ಮಾಡಿದರೆ ಸಾಧಾರಣ ಎನಿಸುವ ನೂಡಲ್ಸ್ ನದಿಯ ತಣ್ಣನೆ ಗಾಳಿಯಲ್ಲಿ ಬೇರೆಯೇ ರುಚಿ. ಬಾನ್‌ಪೊ ಸೇತುವೆಯ ಎರಡೂ ಬದಿಯಿಂದ ಬಣ್ಣದ ಬೆಳಕಿನಲ್ಲಿ ನೀರು ಚಿಮ್ಮಿಸುವ 1,140 ಮೀಟರ್ ಉದ್ದದ ಕಾರಂಜಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಂಜೆ ಹೊತ್ತು ನಡೆಯುತ್ತದೆ, ಒಂದೊಂದು ಸಲಕ್ಕೆ ಸುಮಾರು ಇಪ್ಪತ್ತು ನಿಮಿಷ.

ಕೊನೆಯ ಸುತ್ತು ನೊರೆಬಾಂಗ್. ‘ನೊರೆ’ ಎಂದರೆ ಹಾಡು, ‘ಬಾಂಗ್’ ಎಂದರೆ ಕೋಣೆ. ಅಪರಿಚಿತರ ಮುಂದೆ ಹಾಡುವ ಭಯವಿಲ್ಲ. ಕೋಣೆ ತಂಡಕ್ಕೇ ಸೇರಿದ್ದು, ಬಾಡಿಗೆ ಗಂಟೆಗಿಷ್ಟು. ಒಳಗೆ ಎರಡು ಮೈಕು, ಗಿಲಕಿಯಂಥ ಟ್ಯಾಂಬೊರಿನ್, ದಿಂಡುಗಟ್ಟಲೆ ಹಾಡಿನ ಪಟ್ಟಿ. ಇಂಗ್ಲಿಷ್ ಹಾಡುಗಳು ಬೇಕಾದಷ್ಟಿವೆ. ಗಂಟೆ ಮುಗಿಯುವ ಹೊತ್ತಿಗೆ ಮಾಲೀಕರು ಹತ್ತಿಪ್ಪತ್ತು ನಿಮಿಷ ಸುಮ್ಮನೆ ಸೇರಿಸುವುದುಂಟು, ಅದಕ್ಕೆ ಅವರು ‘ಸರ್ವಿಸ್’ ಎನ್ನುತ್ತಾರೆ. ಒಂದೆರಡು ಹಾಡು ಸಾಕೆನ್ನುವವರಿಗೆ ನಾಣ್ಯ ಹಾಕಿ ಹಾಡುವ ಪುಟ್ಟ ಗೂಡುಗಳಿವೆ.

ಮದ್ಯದ ವಿಷಯದಲ್ಲಿ ಎರಡು ಮಾತು. ಹುಟ್ಟಿದ ವರ್ಷಕ್ಕೆ ಹತ್ತೊಂಬತ್ತು ಕೂಡಿಸಿದರೆ ಬರುವ ವರ್ಷದ ಜನವರಿ ಒಂದರಿಂದ ಕಾನೂನಿನ ಅನುಮತಿ. ಎಳೆಯ ಮುಖದವರು ಪಾಸ್‌ಪೋರ್ಟ್ ಇಟ್ಟುಕೊಂಡಿರಬೇಕು. ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದು ಅಲ್ಲಿ ಸಭ್ಯತೆಯಲ್ಲ, ಪಕ್ಕದವರಿಗೆ ಸುರಿಯಬೇಕು, ಹಿರಿಯರಿಗಾದರೆ ಎರಡೂ ಕೈಯಲ್ಲಿ.

ಮೆಟ್ರೊ ಮಧ್ಯರಾತ್ರಿಯ ಆಸುಪಾಸಿಗೆ ನಿಲ್ಲುತ್ತದೆ. ಮೂರನೇ ಸುತ್ತನ್ನು ಯಾವಾಗಲೂ ಉಳಿದುಕೊಂಡ ಬಡಾವಣೆಯಲ್ಲೇ ಇಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ. ತಪ್ಪಿಸಿಕೊಂಡವರಿಗೆ 2013ರಲ್ಲಿ ಶುರುವಾದ ‘ಗೂಬೆ ಬಸ್’ಗಳಿವೆ, ಸಂಖ್ಯೆಗೆ ಮೊದಲು ಎನ್ ಅಕ್ಷರ. ಟ್ಯಾಕ್ಸಿಯ ಕನಿಷ್ಠ ದರ 2023ರಿಂದ 4,800 ವಾನ್. ರಾತ್ರಿ ಹತ್ತರಿಂದ ನಾಲ್ಕರವರೆಗೆ ಶೇ 20, ಅದರಲ್ಲೂ ಹನ್ನೊಂದರಿಂದ ಎರಡರವರೆಗೆ ಶೇ 40 ಹೆಚ್ಚು. ನಾಲ್ವರು ಹಂಚಿಕೊಂಡರೆ ಆಗಲೂ ಹೊರೆಯಲ್ಲ.

ಮೂರನೆಯ ದಿನ: ಮೈ ಸಡಿಲಿಸುವುದು

ಎರಡು ರಾತ್ರಿ ನಿದ್ದೆಗೆಟ್ಟ ತಂಡವನ್ನು ಭಾನುವಾರ ಜಿಮ್‌ಜಿಲ್‌ಬಾಂಗ್‌ಗೆ ಕರೆದೊಯ್ಯಬೇಕು. ಇದು ಸ್ನಾನಗೃಹ, ಬಿಸಿ ಕೋಣೆ, ಹಜಾರ, ತಿಂಡಿ ಎಲ್ಲ ಒಂದೇ ಸೂರಿನಡಿ ಇರುವ ಜಾಗ. ಸ್ನಾನದ ಭಾಗ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಅಲ್ಲಿ ಬಟ್ಟೆ ತೊಡುವಂತಿಲ್ಲ. ಇದನ್ನು ತಂಡದ ಎಲ್ಲರಿಗೂ ಮೊದಲೇ ಹೇಳಿರಬೇಕು. ಸ್ನಾನ ಮುಗಿಸಿ, ಕೊಟ್ಟ ಅಂಗಿ ಚಡ್ಡಿ ತೊಟ್ಟು ಬಂದರೆ ಬಿಸಿ ಕೋಣೆಗಳಿರುವ ಹಜಾರ ಎಲ್ಲರಿಗೂ ಒಂದೇ. ಅಲ್ಲಿ ಟವೆಲನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ, ಎರಡೂ ತುದಿಯನ್ನು ಹೊರಮುಖವಾಗಿ ಸುರುಳಿ ಸುತ್ತಿ, ನಡುವೆ ಬಿಡಿಸಿ ತಲೆಗೆ ಹಾಕಿಕೊಳ್ಳುತ್ತಾರೆ. ಕಿವಿಯ ಮೇಲೆ ಎರಡು ಸುರುಳಿ, ಥೇಟ್ ಟಗರಿನ ಕೊಂಬು. ಬೆವರಿ ಹೊರಬಂದ ಮೇಲೆ ಸುಟ್ಟ ಮೊಟ್ಟೆ, ಅಕ್ಕಿಯಿಂದ ಮಾಡಿದ ತಣ್ಣನೆಯ ಸಿಹಿ ಪಾನೀಯ ‘ಶಿಖ್ಯೆ’. ಒಳಗೆ ತಿಂದದ್ದಕ್ಕೆಲ್ಲ ಕೈಗೆ ಕಟ್ಟಿದ ಕೀಲಿಯ ಸಂಖ್ಯೆಯಲ್ಲಿ ಲೆಕ್ಕ, ಹೊರಡುವಾಗ ದುಡ್ಡು.

ಮಧ್ಯಾಹ್ನಕ್ಕೆ ಸೊಂಗ್‌ಸು. ಚಪ್ಪಲಿ ಕಾರ್ಖಾನೆಗಳ ಈ ಬಡಾವಣೆ ಈಗ ಇಟ್ಟಿಗೆ ಗೋಡೆಯ ಕಾಫಿ ಅಂಗಡಿಗಳ, ವಾರಕ್ಕೊಮ್ಮೆ ಬದಲಾಗುವ ಮಳಿಗೆಗಳ ತಾಣ. ನಾಲ್ಕು ಚಿತ್ರದ ಪಟ್ಟಿ ತೆಗೆದುಕೊಡುವ ಫೋಟೊ ಗೂಡುಗಳು ಅಡಿಗಡಿಗೂ ಇವೆ. ಬುಸಾನ್‌ಗೆ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ, ಉತ್ತರ ಕೊರಿಯಾದ ಗಡಿಗೆ ಅರ್ಧ ದಿನದ ಬಸ್ ಪ್ರವಾಸ. ಎರಡೂ ಒಳ್ಳೆಯವೇ; ಮೂರು ರಾತ್ರಿಯಲ್ಲಿ ಯಾವುದನ್ನು ತುರುಕಿದರೂ ಒಂದು ಸಂಜೆ ಕೈತಪ್ಪುತ್ತದೆ.

ಸಸ್ಯಾಹಾರಿಗಳ ಪಾಡು

ತಂಡದಲ್ಲಿ ಒಬ್ಬ ಸಸ್ಯಾಹಾರಿ ಇದ್ದರೂ ಊಟದ ಯೋಜನೆ ಬೇರೆಯಾಗುತ್ತದೆ. ಸಾರಿನ ತಿಳಿಗೆ ಒಣ ಮೀನು, ಕಿಮ್ಚಿಗೆ ಉಪ್ಪು ಹಾಕಿ ಹುದುಗಿಸಿದ ಸೀಗಡಿ, ರಾಮ್ಯನ್ ಪುಡಿಗೆ ಬಹಳ ಮಟ್ಟಿಗೆ ದನದ ಮಾಂಸದ ಸತ್ವ. ಕಣ್ಣಿಗೆ ಕಾಣದ ಮಾಂಸವನ್ನು ಅಲ್ಲಿ ಮಾಂಸವೆಂದು ಎಣಿಸುವುದಿಲ್ಲ. ‘ಗೊಗಿ ಪ್ಪೆ ಜುಸೆಯೊ’, ಅಂದರೆ ಮಾಂಸ ಬಿಟ್ಟು ಕೊಡಿ, ಎಂದರೆ ತರಕಾರಿ ಕಲಸಿದ ಅನ್ನ ಬಿಬಿಂಬಾಪ್‌ನಿಂದ ಮಾಂಸ ಮಾಯವಾಗುತ್ತದೆ, ಮೊಟ್ಟೆ ಉಳಿಯುತ್ತದೆ. ಏನು ತಿನ್ನುವುದಿಲ್ಲ ಎಂಬ ಪಟ್ಟಿಯನ್ನು ಕೊರಿಯನ್ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸುವುದು ಬಾಯಿಮಾತಿಗಿಂತ ನಂಬಿಕೆಯ ಉಪಾಯ. ನಿಜವಾದ ನಿಶ್ಚಿಂತೆ ಇರುವುದು ಬೌದ್ಧ ದೇಗುಲಗಳ ಅಡುಗೆಯಲ್ಲಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಜೊಗ್ಯೆಸಾ ದೇಗುಲದ ಎದುರಿನ ‘ಬಾಲ್ವು ಗೋಂಗ್ಯಾಂಗ್’ ಅಂಥದು, ಸೀಟು ಮೊದಲೇ ಕಾದಿರಿಸಬೇಕು. ಇತೆವೊನ್‌ನಲ್ಲಿ ಭಾರತೀಯ ಹೋಟೆಲುಗಳೂ ಇವೆ.

ಮಾಂಸಾಹಾರಿಗಳಿಗೆ ಹಂದಿಯ ‘ಸಾಮ್‌ಗ್ಯೊಪ್‌ಸಾಲ್’ 200 ಗ್ರಾಂಗೆ ಸೋಲ್‌ನಲ್ಲಿ ಸುಮಾರು 20,000 ವಾನ್. ಅದರ ಜೊತೆ ಬರುವ ಪಲ್ಯ ಉಪ್ಪಿನಕಾಯಿಗಳ ಪುಟ್ಟ ತಟ್ಟೆಗಳು ‘ಬಾನ್‌ಚಾನ್’. ಎಷ್ಟು ಸಲ ಕೇಳಿದರೂ ದುಡ್ಡಿಲ್ಲ. ಚಮಚ, ಊಟದ ಕಡ್ಡಿ ಕಾಣದಿದ್ದರೆ ಮೇಜಿನ ಬದಿಯಲ್ಲಿ ಖಾನೆ ಇರುತ್ತದೆ, ಎಳೆದು ನೋಡಬೇಕು. ಪಕ್ಕದ ಮೇಜಿನ ಮಗು ‘ಅಪ್ಪಾ’ ಎಂದು ಕರೆದರೆ ತಿರುಗಿ ನೋಡುವ ಅಗತ್ಯವಿಲ್ಲ. ತಂದೆಗೆ ಕೊರಿಯನ್ನರೂ ಹಾಗೆಯೇ ಅನ್ನುತ್ತಾರೆ.

ಕಟ್ಟಿಕೊಳ್ಳುವ ಸಾಮಾನಿನಲ್ಲಿ ಮರೆಯಬಾರದ್ದು ಪ್ಲಗ್ ಅಡಾಪ್ಟರ್: ವಿದ್ಯುತ್ 220 ವೋಲ್ಟ್ ಆದರೂ ಗೋಡೆಯಲ್ಲಿರುವುದು ಎರಡೇ ದುಂಡು ತೂತು, ನಮ್ಮ ಮೂರು ಕಡ್ಡಿಯ ಪ್ಲಗ್ ಕೂರುವುದಿಲ್ಲ. ನಾಲ್ವರಿಗೆ ಒಂದು ಅಡಾಪ್ಟರ್, ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸಾಕು. ಬೀದಿಯಲ್ಲಿ ಕಸದ ಬುಟ್ಟಿ ಅಪರೂಪವಾದ್ದರಿಂದ ಚೀಲದಲ್ಲೊಂದು ಖಾಲಿ ಕವರ್ ಇರಲಿ. 15,000 ವಾನ್‌ಗೆ ಮೇಲ್ಪಟ್ಟ ಖರೀದಿಗೆ ಬಹಳ ಅಂಗಡಿಗಳು ಪಾಸ್‌ಪೋರ್ಟ್ ನೋಡಿ ತೆರಿಗೆಯನ್ನು ಅಲ್ಲೇ ಕಳೆಯುತ್ತವೆ. ಅಲ್ಲಿ ಕಳೆಯದಿದ್ದರೆ ರಸೀದಿಗಳನ್ನು ಜೋಪಾನ ಮಾಡಿ, ಸೋಮವಾರ ವಿಮಾನ ನಿಲ್ದಾಣದ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ವಾಪಸು ಪಡೆಯಬಹುದು. ಸಾಲು ಉದ್ದವಿರುತ್ತದೆ, ಅರ್ಧ ಗಂಟೆ ಮುಂಚೆ ಹೊರಡಬೇಕು.